ನಡುವಯಸ್ಸಿನಲ್ಲಿ ಹೊಸ ವೃತ್ತಿ: ಒಳಾಂಗಣ ವಿನ್ಯಾಸದ ಹೊಸ್ತಿಲಲ್ಲಿ

ಕಳೆದ ಮಳೆಗಾಲದ ಒಂದು ಭಾನುವಾರ ಬಲಿಪೂಜೆ ಮುಗಿಸಿ ಹೊರಬರುತ್ತಿದ್ದಾಗ ಪರಿಚಿತ ಕುಟುಂಬವೊಂದು ನಮ್ಮನ್ನು ಒತ್ತಾಯಪೂರ್ವಕವಾಗಿ ಮನೆಗೆ ಕರೆದೊಯ್ದಿತು. ಚಹಾ ಬಂತು, ಬಿಸಿ ಬನ್ಸ್ ಬಂತು. ಆ ಮನೆಯವರಿಗೆ ನಮ್ಮ ಸಹವಾಸಕ್ಕಿಂತ ಹೆಚ್ಚಾಗಿ ನಮ್ಮ ಅಭಿಪ್ರಾಯ ಬೇಕಾಗಿತ್ತೆಂಬುದು ಆಮೇಲೆ ತಿಳಿಯಿತು. 2013ರಲ್ಲಿ ಸರಕಾರಿ ವಲಯದ ಬ್ಯಾಂಕೊಂದಕ್ಕೆ ಸೇರಿ, ಮದುವೆಯಾಗಿ, ಒಂದು ಮಗುವಿನ ತಾಯಿಯೂ ಆಗಿರುವ ಆ ಮನೆಯ ಮಗಳು, ಉದ್ಯೋಗಕ್ಕೆ ರಾಜೀನಾಮೆ ಕೊಟ್ಟು ಒಳಾಂಗಣ ವಿನ್ಯಾಸ ಕಲಿಯುತ್ತೇನೆಂದು ಪಟ್ಟು ಹಿಡಿದಿದ್ದಳು. "ಗೋಡೆಗೆ ಯಾವ ಬಣ್ಣ ಹಚ್ಚಬೇಕೆಂದು ಹೇಳುವುದಕ್ಕೆ ಇವಳು ಬ್ಯಾಂಕಿನ ಪಿಂಚಣಿ ಬಿಡುವುದೇ? ನೀವೇ ಹೇಳಿ" ಎಂದರು ತಂದೆ. ತಾಯಿ ಮಾತಾಡಲಿಲ್ಲ. ಅಳಿಯನೂ ಮಾತಾಡಲಿಲ್ಲ, ಆದರೆ ಅವರ ಮೌನದಲ್ಲಿ ಗೃಹಸಾಲದ ಮಾಸಿಕ ಕಂತಿನ ಲೆಕ್ಕವಿತ್ತೆಂದು ನನಗನಿಸಿತು.

ಆ ದಿನ ನಾನು ಏನನ್ನೂ ಹೇಳದೆ ಎದ್ದುಬಂದೆ. ತಿಳಿಯದ ವಿಷಯದಲ್ಲಿ ತೀರ್ಪು ಕೊಡುವುದು ಸುಲಭ, ಅದರ ಫಲವನ್ನು ಉಣ್ಣುವವರು ಮಾತ್ರ ಬೇರೆಯವರು. ಅನಂತರ ಈ ವೃತ್ತಿಯ ಬಗ್ಗೆ ಸಾಧ್ಯವಾದಷ್ಟು ಓದಿದೆ, ಕೇಳಿ ತಿಳಿದುಕೊಂಡೆ. ಇದೇ ಪ್ರಶ್ನೆ ಇಂದು ಇನ್ನೂ ಹಲವು ಮನೆಗಳ ಊಟದ ಮೇಜಿನ ಮೇಲಿರುವುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ತಂದೆಯ ಮಾತನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಕರಾವಳಿಯ ಕುಟುಂಬಗಳು ಬ್ಯಾಂಕಿನ ಕೆಲಸ, ಶಿಕ್ಷಕ ವೃತ್ತಿ, ದಾದಿಯರ ವೃತ್ತಿ, ಕೊಲ್ಲಿ ರಾಷ್ಟ್ರಗಳ ದುಡಿಮೆ ಇವುಗಳ ಆಸರೆಯಿಂದಲೇ ಮೇಲೆ ಬಂದವು. ಗೇಣಿ ಭೂಮಿಯ ಅನಿಶ್ಚಿತತೆಯನ್ನು ಕಂಡವರಿಗೆ ತಿಂಗಳ ಮೊದಲ ತಾರೀಕಿನ ಸಂಬಳ ಎಂದರೇನೆಂದು ಗೊತ್ತು. ಆದರೆ ಪಿಂಚಣಿಯ ವಿಚಾರದಲ್ಲಿ ಅವರ ಲೆಕ್ಕ ಸ್ವಲ್ಪ ಹಳೆಯದು. 2010ರ ಏಪ್ರಿಲ್ 1ರಿಂದೀಚೆಗೆ ಸರಕಾರಿ ವಲಯದ ಬ್ಯಾಂಕುಗಳಿಗೆ ಸೇರಿದವರು ಹಳೆಯ ಪಿಂಚಣಿ ಯೋಜನೆಯಲ್ಲಿಲ್ಲ. ಅವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಸೇರಿದವರು. ಆ ಖಾತೆ ಉದ್ಯೋಗ ಬಿಟ್ಟರೂ ಅವರ ಹೆಸರಿನಲ್ಲಿಯೇ ಮುಂದುವರಿಯುತ್ತದೆ. ಐದು ವರ್ಷಗಳ ಸತತ ಸೇವೆ ಮುಗಿದಿದ್ದರೆ ಗ್ರಾಚ್ಯುಯಿಟಿಯೂ ಸಿಗುತ್ತದೆ. ಅಂದರೆ ರಾಜೀನಾಮೆಯಿಂದ ಕಳೆದುಹೋಗುವುದು ಮುಂದಿನ ಸಂಬಳವೇ ಹೊರತು ಹಿಂದಿನ ದುಡಿಮೆಯಲ್ಲ. ಮುಂದಿನ ಸಂಬಳವೂ ಸಣ್ಣ ವಿಷಯವಲ್ಲ ಎಂಬುದನ್ನು ಮಗಳೂ ಒಪ್ಪಿಕೊಳ್ಳಬೇಕು.

ಇನ್ನು ಈ ವೃತ್ತಿಯ ಹುಟ್ಟನ್ನೇ ನೋಡಿದರೆ, ಅದಕ್ಕೂ ವೃತ್ತಿ ಬದಲಾವಣೆಗೂ ಬಿಡಿಸಲಾಗದ ನಂಟು ಇರುವುದು ಕಾಣುತ್ತದೆ. ಮನೆಯ ಒಳಭಾಗವನ್ನು ಯೋಜಿಸಿಕೊಡುವುದನ್ನು ಶುಲ್ಕ ಪಡೆಯುವ ಸ್ವತಂತ್ರ ವೃತ್ತಿಯನ್ನಾಗಿ ಅಮೆರಿಕದಲ್ಲಿ ನೆಲೆಗೊಳಿಸಿದವರಲ್ಲಿ ಮೊದಲಿಗರೆಂದು ಹೆಸರಾದ ಎಲ್ಸಿ ಡಿ ವುಲ್ಫ್ ಅವರು ಅದಕ್ಕಿಂತ ಮೊದಲು ನಾಟಕದ ನಟಿಯಾಗಿದ್ದರು. 1859ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಅವರು 1891ರಲ್ಲಿ ವೃತ್ತಿ ರಂಗಭೂಮಿಗೆ ಇಳಿದರು. ಅವರ ಅಭಿನಯವನ್ನು ವಿಮರ್ಶಕರು ಅಷ್ಟಾಗಿ ಮೆಚ್ಚಿಕೊಳ್ಳಲಿಲ್ಲ. ಜನ ಬರುತ್ತಿದ್ದುದು ಬಹುಮಟ್ಟಿಗೆ ಅವರು ತೊಡುತ್ತಿದ್ದ ಪ್ಯಾರಿಸಿನ ಉಡುಪುಗಳನ್ನು ನೋಡಲು. ಸುಮಾರು ಹದಿನಾಲ್ಕು ವರ್ಷ ದುಡಿದ ಮೇಲೂ ತಾನು ಮೇಲ್ದರ್ಜೆಯ ನಟಿಯಾಗಲಾರೆ ಎಂಬುದನ್ನು ಕಂಡುಕೊಂಡು, 1905ರಲ್ಲಿ, ತಮ್ಮ ನಲವತ್ತೈದನೆಯ ವಯಸ್ಸಿನಲ್ಲಿ, ಹೊಸ ವೃತ್ತಿಯನ್ನು ಸಾರುವ ಪರಿಚಯ ಚೀಟಿಗಳನ್ನು ಅವರು ಊರೆಲ್ಲ ಕಳುಹಿಸಿದರು.

ಆದರೆ ಆ ಚೀಟಿಗಳ ಹಿಂದೆ ಏಳೆಂಟು ವರ್ಷಗಳ ಸಿದ್ಧತೆಯಿತ್ತು. ನಾಟಕಕಾರರ ಪ್ರತಿನಿಧಿಯಾಗಿದ್ದ ಗೆಳತಿ ಎಲಿಜಬೆತ್ ಮಾರ್ಬರಿಯವರೊಂದಿಗೆ ವಾಸಿಸುತ್ತಿದ್ದ ನ್ಯೂಯಾರ್ಕಿನ ಹಳೆಯ ಮನೆಯನ್ನು ಅವರು ನಟಿಯಾಗಿದ್ದಾಗಲೇ ಬದಲಾಯಿಸತೊಡಗಿದ್ದರು. ಆ ಕಾಲದ ಶ್ರೀಮಂತರ ಮನೆಯೆಂದರೆ ಕಪ್ಪು ಮರಗೆಲಸ, ದಪ್ಪ ಪರದೆ, ಕುಂಡದ ತಾಳೆಗಿಡ, ಕಾಲಿಟ್ಟಲ್ಲೆಲ್ಲ ಆಟಿಕೆಯಂಥ ಅಲಂಕಾರ ವಸ್ತುಗಳು. ಎಲ್ಸಿಯವರು ಅವುಗಳನ್ನೆಲ್ಲ ತೆಗೆಸಿ, ಮರಗೆಲಸಕ್ಕೆ ಬಿಳಿ ಬಣ್ಣ ಹಚ್ಚಿಸಿ, ಕಿಟಕಿಯ ಬೆಳಕನ್ನು ಒಳಕ್ಕೆ ಬಿಟ್ಟರು. ಬಂದ ಅತಿಥಿಗಳು ನೋಡಿದರು. ಅತಿಥಿಗಳಲ್ಲಿ ಸ್ಟಾನ್‌ಫರ್ಡ್ ವೈಟ್ ಎಂಬ ಹೆಸರಾಂತ ವಾಸ್ತುಶಿಲ್ಪಿಯೂ ಇದ್ದರು. ಆ ನಗರದ ಮಹಿಳೆಯರು ತಮಗಾಗಿ ಕಟ್ಟಿಕೊಳ್ಳುತ್ತಿದ್ದ ಕಾಲನಿ ಕ್ಲಬ್ಬಿನ ಕಟ್ಟಡವನ್ನು ರೂಪಿಸುತ್ತಿದ್ದ ಅವರು, ಒಳಭಾಗದ ಕೆಲಸವನ್ನು ಎಲ್ಸಿಯವರಿಗೇ ಕೊಡಬೇಕೆಂಬ ಮಾತಿಗೆ ಬೆಂಬಲವಿತ್ತರು. 1907ರಲ್ಲಿ ಕ್ಲಬ್ಬು ತೆರೆದಾಗ ಜನ ಬೆರಗಾದರು. ತೋಟದಲ್ಲಿ ಬಳ್ಳಿ ಹಬ್ಬಿಸುವ ಮರದ ಜಾಲರಿ ಒಂದು ಕೋಣೆಯ ಗೋಡೆಯನ್ನೇರಿತ್ತು. ಹಳ್ಳಿಮನೆಗಳಿಗಷ್ಟೇ ಸಲ್ಲುತ್ತಿದ್ದ ಹೂವಿನಚ್ಚಿನ ಹತ್ತಿ ಬಟ್ಟೆ ಕುರ್ಚಿಗಳನ್ನು ಹೊದ್ದಿತ್ತು. ಇಂಗ್ಲಿಷಿನಲ್ಲಿ ಚಿಂಟ್ಸ್ ಎಂದು ಕರೆಯುವ ಈ ಬಟ್ಟೆ ನಮ್ಮ ದೇಶದ ಬಣ್ಣದ ಅಚ್ಚಿನ ಬಟ್ಟೆಯೇ. ಆ ಹೆಸರೂ ಇಲ್ಲಿಂದಲೇ ಹೋದದ್ದು, ನಮ್ಮ ಅಜ್ಜಿಯರ ಚೀಟಿ ಬಟ್ಟೆಯ ಬಳಗದ ಮಾತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಮರೆಮಾಚುವ ಒಂದು ಅಂಶವನ್ನೂ ಹೇಳಿಬಿಡುತ್ತೇನೆ. ಎಲ್ಸಿಯವರಿಗೆ ಶ್ರೀಮಂತರ ಸ್ನೇಹವಿತ್ತು, ಮಾರ್ಬರಿಯವರ ಪ್ರಭಾವವಿತ್ತು. ಬರಿಗೈಯಲ್ಲಿ ಗೆದ್ದವರೆಂದು ಅವರನ್ನು ಹೊಗಳುವುದು ಸತ್ಯಕ್ಕೆ ದೂರವಾದ ಮಾತು. ಆದರೂ ನಾಟಕದ ವರ್ಷಗಳು ವ್ಯರ್ಥವಾಗಲಿಲ್ಲವೆಂದೇ ನನ್ನ ಭಾವನೆ. ಪರದೆ ಎದ್ದ ಕ್ಷಣದಲ್ಲಿ ಪ್ರೇಕ್ಷಕನ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಒಂದು ದೀಪವನ್ನು ಅತ್ತಿತ್ತ ಸರಿಸಿದರೆ ಕೋಣೆಯ ಕಳೆ ಹೇಗೆ ಬದಲಾಗುತ್ತದೆ ಎಂಬುದನ್ನು ರಂಗಭೂಮಿಗಿಂತ ಚೆನ್ನಾಗಿ ಕಲಿಸುವ ಶಾಲೆ ಇನ್ನಾವುದಿದ್ದೀತು? 1913ರಲ್ಲಿ ಅವರ ಹೆಸರಿನಲ್ಲಿ 'ದಿ ಹೌಸ್ ಇನ್ ಗುಡ್ ಟೇಸ್ಟ್' ಎಂಬ ಪುಸ್ತಕ ಹೊರಬಂತು. ಅದನ್ನು ತೆರೆಮರೆಯಲ್ಲಿ ಬರೆದುಕೊಟ್ಟವರು ರೂಬಿ ರಾಸ್ ಎಂಬ ಪತ್ರಕರ್ತೆ. ಮುಂದೆ ಆಕೆಯೂ ಲೇಖನಿ ಬಿಟ್ಟು ಇದೇ ವೃತ್ತಿಗಿಳಿದು, ರೂಬಿ ರಾಸ್ ವುಡ್ ಎಂಬ ಹೆಸರಿನಲ್ಲಿ ದೊಡ್ಡ ವಿನ್ಯಾಸಕಿಯಾದರು. ಪತ್ರಿಕೆಗೆ ಬರೆಯುವ ನಮ್ಮಂಥವರಿಗೆ ಇದು ಸಮಾಧಾನದ ಸಂಗತಿಯೋ ಎಚ್ಚರಿಕೆಯೋ ತಿಳಿಯದು.

ಅಷ್ಟು ದೂರ ಹೋಗುವುದೇಕೆ? ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನೋಡದವರು ನಮ್ಮ ಓದುಗರಲ್ಲಿ ವಿರಳ. ಅದರ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿಸಿದ ಬ್ರದರ್ ಅಂತೋನಿಯೊ ಮೊಸ್ಕೇನಿಯವರು 1854ರಲ್ಲಿ ಇಟಲಿಯ ಬೆರ್ಗಮೊ ಬಳಿ ಹುಟ್ಟಿ, ಚರ್ಚುಗಳಿಗೆ ಭಿತ್ತಿಚಿತ್ರ ಬರೆಯುವ ಕಲಾವಿದರಾಗಿ ನೆಲೆನಿಂತವರು. 1889ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಅದನ್ನೆಲ್ಲ ಬಿಟ್ಟು ಯೇಸುಸಭೆಗೆ ಸೇರಿದರು. ಬಿಟ್ಟೆನೆಂದುಕೊಂಡದ್ದು ಅವರನ್ನು ಬಿಡಲಿಲ್ಲ. ಹತ್ತು ವರ್ಷಗಳ ಅನಂತರ, 1899ರಲ್ಲಿ, ಅದೇ ಕುಂಚವನ್ನು ಹಿಡಿದು ಅವರು ನಮ್ಮ ಬೆಟ್ಟದ ಮೇಲೆ ಅಟ್ಟಣಿಗೆ ಏರಿದರು. ಅವರದು ದೈವಕರೆ, ಬ್ಯಾಂಕಿನ ರಾಜೀನಾಮೆಯೊಂದಿಗೆ ಹೋಲಿಸಲು ಬಾರದು ಎಂದು ಕೆಲವರು ಆಕ್ಷೇಪಿಸಬಹುದು; ಒಪ್ಪುತ್ತೇನೆ. ಕಲಿತ ಕೈ ಮಾತ್ರ ಮನುಷ್ಯ ಹೋದಲ್ಲೆಲ್ಲ ಜೊತೆಗೇ ಹೋಗುತ್ತದೆ ಎನ್ನುವಷ್ಟಕ್ಕೇ ಈ ಉದಾಹರಣೆ.

ಹಾಗಾದರೆ ಬ್ಯಾಂಕಿನವಳ ಕಲಿತ ಕೈ ಇಲ್ಲಿ ಯಾವ ಪ್ರಯೋಜನಕ್ಕೆ? ಈ ವೃತ್ತಿಯ ಬಗ್ಗೆ ನಮ್ಮಲ್ಲಿರುವ ದೊಡ್ಡ ತಪ್ಪು ಕಲ್ಪನೆ ಇರುವುದು ಇಲ್ಲಿಯೇ. ಒಳ್ಳೆಯ ಅಭಿರುಚಿ ಇದ್ದರೆ ಸಾಕೆಂದು ಮಗಳು ಭಾವಿಸುತ್ತಾಳೆ, ಅಭಿರುಚಿಗೆ ಯಾರು ಹಣ ಕೊಡುತ್ತಾರೆಂದು ತಂದೆ ಕೇಳುತ್ತಾರೆ; ಇಬ್ಬರೂ ಅಭಿರುಚಿಯೇ ಈ ವೃತ್ತಿಯೆಂದು ತಿಳಿದಿದ್ದಾರೆ. ವಾಸ್ತವದಲ್ಲಿ ಇದು ಇನ್ನೊಬ್ಬರ ಹಣಕ್ಕೆ, ಇನ್ನೊಬ್ಬರ ಮನೆಗೆ ಹೊಣೆಯಾಗುವ ಕೆಲಸ. ದಿನದ ಬಹುಭಾಗ ಅಳತೆ, ನಕ್ಷೆ, ಅಂದಾಜುಪಟ್ಟಿ, ಬಿಲ್ಲುಗಳ ತಾಳೆ, ಬಡಗಿ ಬಾರದ ದಿನ ಇಲೆಕ್ಟ್ರಿಶಿಯನ್‌ನನ್ನು ತಡೆದು ನಿಲ್ಲಿಸುವುದು ಇವುಗಳಲ್ಲೇ ಕಳೆಯುತ್ತದೆ. ಬಣ್ಣ ಆರಿಸುವ ಸಂತೋಷದ ಗಳಿಗೆ ಬರುವುದು ಎಲ್ಲದರ ಕೊನೆಗೆ.

ಒಂದು ಸಣ್ಣ ಲೆಕ್ಕ ನೋಡಿ. ಅಡುಗೆಮನೆಯ ಎರಡು ಗೋಡೆಗಳುದ್ದಕ್ಕೂ, ಒಂದು ಬದಿ 10 ಅಡಿ, ಇನ್ನೊಂದು ಬದಿ 8 ಅಡಿ, ಮೂಲೆಯಲ್ಲಿ ಕೂಡುವಂತೆ 2 ಅಡಿ ಅಗಲದ ಕಟ್ಟೆಯೂ ಅದರ ಕೆಳಗೆ ಕಪಾಟುಗಳೂ ಬರಬೇಕೆಂದುಕೊಳ್ಳೋಣ. ಉದ್ದದ ಅಡಿಗೆ ಇಷ್ಟೆಂದು ದರ ನಿಗದಿಯಾಗಿದೆ. ಬಿಲ್ಲು 18 ಅಡಿಗೆ ಬರುತ್ತದೆ. ಆದರೆ ಮೂಲೆಯ 2 ಅಡಿ ಎರಡೂ ಬದಿಯಲ್ಲಿ ಸೇರಿಹೋಗಿದೆ; ಆಗಿರುವ ಕೆಲಸ 16 ಅಡಿ ಮಾತ್ರ. ಇದರಲ್ಲಿ ಎಲ್ಲ ಸಲವೂ ಮೋಸವಿರಬೇಕೆಂದಿಲ್ಲ, ಮೂಲೆಯ ಕೆಲಸ ಹೆಚ್ಚು ತ್ರಾಸದ್ದೆಂದು ಹಾಗೆ ಎಣಿಸುವವರೂ ಇದ್ದಾರೆ. ಆದರೆ ಕೆಲಸ ಆರಂಭವಾಗುವ ಮೊದಲೇ ಅದನ್ನು ಕೇಳಿ ಕಾಗದದ ಮೇಲೆ ಬರೆಸಿಕೊಳ್ಳುವವರು ಬೇಕು. ಹನ್ನೆರಡು ವರ್ಷ ಸಾಲಪತ್ರಗಳ ಪುಟಪುಟವನ್ನೂ ಪರಿಶೀಲಿಸಿದವಳಿಗೆ ಈ ಕಣ್ಣು ಆಗಲೇ ಬಂದಿರುತ್ತದೆ. ಹೊಸದಾಗಿ ಕಲಿತು ಬಂದ ಇಪ್ಪತ್ತೆರಡರ ಹುಡುಗಿಗೆ ಅದು ಬರಲು ವರ್ಷಗಳು ಬೇಕು.

ಅದೇ ಹೊತ್ತಿಗೆ ಬ್ಯಾಂಕು ಕಲಿಸದ ವಿಷಯಗಳೂ ರಾಶಿಯಿವೆ. ಇದನ್ನು ನಾನು ಸ್ವಂತ ಹಣ ಕೊಟ್ಟು ಕಲಿತೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಅಡುಗೆಮನೆಗೆ ಹೊಸ ಕಪಾಟು ಮಾಡಿಸಿದೆವು. ಹೊಳೆಯುವ ಮೈಕಾ, ಅಚ್ಚುಕಟ್ಟಾದ ಹಿಡಿಕೆಗಳು, ನೋಡಿದವರೆಲ್ಲ ಮೆಚ್ಚಿದರು. ಆಷಾಢ ಕಳೆಯುವಷ್ಟರಲ್ಲಿ ಸಿಂಕಿನ ಕೆಳಗಿನ ಬಾಗಿಲು ನೆನೆದ ಹಪ್ಪಳದಂತೆ ಉಬ್ಬಿತು. ಹಾಕಿದ್ದು ಸಾಮಾನ್ಯ ದರ್ಜೆಯ ಪ್ಲೈವುಡ್. ಹಲಗೆಯ ಮೇಲೆ ಅಚ್ಚೊತ್ತಿದ ಐಎಸ್‌ಐ ಗುರುತಿನ ಬಳಿ ಐಎಸ್ 303 ಎಂದಿದ್ದರೆ ಅದು ಸಾಧಾರಣ ಬಳಕೆಯ ಪ್ಲೈವುಡ್ಡೆಂದೂ, ಐಎಸ್ 710 ಎಂದಿದ್ದರೆ ನೀರಿನ ಸಂಪರ್ಕವನ್ನು ತಾಳಿಕೊಳ್ಳುವ ಮೆರೈನ್ ಪ್ಲೈವುಡ್ಡೆಂದೂ ನನಗೆ ತಿಳಿದದ್ದು ಆಮೇಲೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ, ದೂರದ ಒಣನಾಡಿನ ನಗರಗಳ ಮನೆಗಳ ಚಿತ್ರ ನೋಡಿ ಕಪಾಟು ಮಾಡಿಸುವವರಿಗೆಲ್ಲ ಈ ಪಾಠ ಕಾದಿದೆ. ಯಾವ ಮರಕ್ಕೆ ಗೆದ್ದಲು ಬೇಗ ಹಿಡಿಯುತ್ತದೆ, ಹಂಚಿನ ಮನೆಯ ಗೋಡೆ ಎಲ್ಲಿ ತೇವ ಎಳೆಯುತ್ತದೆ, ಸ್ವಿಚ್ಚಿನ ಪೆಟ್ಟಿಗೆ ಮಂಚದ ತಲೆಯ ಹಿಂದೆ ಅಡಗದಂತೆ ಎಲ್ಲಿರಬೇಕು ಎಂಬುದನ್ನು ತರಗತಿ ಅರ್ಧ ಕಲಿಸೀತು. ಉಳಿದರ್ಧವನ್ನು ಹಿರಿಯ ಬಡಗಿಯ ಬಳಿ ನಿಂತು ಕಲಿಯಬೇಕು. ಅಧಿಕಾರಿಯ ಕುರ್ಚಿಯಲ್ಲಿ ಕೂತವರಿಗೆ ಮರದ ಹುಡಿಯ ನಡುವೆ ನಿಂತು "ಆಚಾರಿಯವರೇ, ಇದು ಹೀಗೇಕೆ?" ಎಂದು ಕೇಳುವುದು ಸುಲಭವಲ್ಲ. ವೃತ್ತಿ ಬದಲಿಸಿದವರು ಸೋಲುವುದು ಎಷ್ಟೋ ಸಲ ಇಂಥ ಕಡೆಯೇ.

ಇನ್ನೊಂದು ವಿಷಯವಿದೆ, ಅದನ್ನು ಯಾವ ಪಠ್ಯಪುಸ್ತಕವೂ ಹೇಳಲಾರದು. ನಮ್ಮ ಮನೆಗಳಲ್ಲಿ ಚಾವಡಿಯ ಮುಖ್ಯ ಗೋಡೆ ಅಲ್ತಾರಿನದು. ಸಂಜೆಯ ಜಪಸರಕ್ಕೆ ಮನೆಮಂದಿಯೆಲ್ಲ ಅದರ ಮುಂದೆ ಮೊಣಕಾಲೂರುತ್ತಾರೆ. ಮೊಣಕಾಲೂರಲಾಗದ ಅಜ್ಜಿಗೆ ಬದಿಯಲ್ಲೊಂದು ಕುರ್ಚಿ ಬೇಕು. ಹೊಸ ಮನೆಗಳಲ್ಲಿ ಆ ಗೋಡೆಗೆ ದೂರದರ್ಶನದ ದೊಡ್ಡ ಪರದೆ ಬಂದು, ಅಲ್ತಾರು ಮೆಟ್ಟಿಲ ಕೆಳಗಿನ ಮೂಲೆಗೆ ಸರಿದದ್ದನ್ನು ನೋಡಿದ್ದೇನೆ. ಸೋಫಾ ಅಗಲವಾಗಿ, ನಡುವೆ ಗಾಜಿನ ಮೇಜು ಬಂದು, ಐದು ಮಂದಿ ಒಟ್ಟಿಗೆ ಮೊಣಕಾಲೂರಲು ನೆಲವೇ ಇಲ್ಲದಂತಾಗಿದೆ. ಮನೆಯವರು ಬೇಕೆಂದೇ ಹಾಗೆ ಮಾಡಿದವರಲ್ಲ. ನಕ್ಷೆ ಬರೆದವರು ಆ ಪ್ರಶ್ನೆಯನ್ನು ಕೇಳಿರಲಿಲ್ಲ, ಅಷ್ಟೆ. ಇಂಥ ಮನೆಯಲ್ಲೇ ಬೆಳೆದ ಹೆಣ್ಣುಮಗಳು ಹೇಳಿಸಿಕೊಳ್ಳದೆಯೇ ಅದನ್ನು ಕೇಳಿಯಾಳು. ಹಾಗೆಯೇ ನೆರೆಮನೆಯ ದೇವರಕೋಣೆಯ ಕ್ರಮವನ್ನೂ ಬ್ಯಾರಿ ಕುಟುಂಬದ ಹೆಂಗಸರ ಅನುಕೂಲವನ್ನೂ ಕೇಳಿ ತಿಳಿಯುವ ಸೌಜನ್ಯ ಆಕೆಗಿರಬೇಕು. ಕೆಲಸ ಕೊಡುವವರೆಲ್ಲ ನಮ್ಮವರೇ ಆಗಿರುವುದಿಲ್ಲ.

ಕಾನೂನಿನ ದೃಷ್ಟಿಯಿಂದ ಈ ವೃತ್ತಿಯ ಬಾಗಿಲು ವಿಶಾಲವಾಗಿ ತೆರೆದಿದೆ. 1972ರ ವಾಸ್ತುಶಿಲ್ಪಿಗಳ ಕಾಯಿದೆಯಂತೆ ನೋಂದಣಿಯಿಲ್ಲದವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಒಳಾಂಗಣ ವಿನ್ಯಾಸಕರಿಗೆ ಅಂಥ ಕಡ್ಡಾಯ ನೋಂದಣಿ ನಮ್ಮ ದೇಶದಲ್ಲಿಲ್ಲ. ಅದೇ 1972ರಲ್ಲಿ ಹುಟ್ಟಿದ ಭಾರತೀಯ ಒಳಾಂಗಣ ವಿನ್ಯಾಸಕಾರರ ಸಂಸ್ಥೆ ವೃತ್ತಿಬಾಂಧವರ ಒಕ್ಕೂಟವೇ ಹೊರತು ಪರವಾನಗಿ ಕೊಡುವ ಇಲಾಖೆಯಲ್ಲ. ಬಾಗಿಲು ತೆರೆದಿರುವುದು ಅನುಕೂಲವೂ ಹೌದು, ಅಪಾಯವೂ ಹೌದು: ಮೂರು ತಿಂಗಳ ಪ್ರಮಾಣಪತ್ರ ಹಿಡಿದು ಬಂದವರೂ, ನಾಲ್ಕು ವರ್ಷ ಪದವಿ ಓದಿದವರೂ ಒಂದೇ ಫಲಕ ಹಾಕಿಕೊಳ್ಳಬಹುದು. ಆದ್ದರಿಂದ ತರಗತಿ ಆರಿಸುವವರು ಜಾಹೀರಾತಿನ ಚಿತ್ರಗಳನ್ನಲ್ಲ, ಹಿಂದಿನ ವಿದ್ಯಾರ್ಥಿಗಳು ಕೈಯಾರೆ ಬರೆದ ನಕ್ಷೆಗಳನ್ನು ತೋರಿಸಿರೆಂದು ಕೇಳಬೇಕು. ಕೆಲಸ ನಡೆಯುವ ಮನೆಗಳಿಗೆ ಕರೆದೊಯ್ಯುತ್ತಾರೆಯೇ ಎಂದು ವಿಚಾರಿಸಬೇಕು. ಮನೆಯ ಗೋಡೆ ಒಡೆಯುವ, ಕಂಬ ತೊಲೆ ಮುಟ್ಟುವ ವಿಚಾರಕ್ಕೆ ಮಾತ್ರ ಎಂಜಿನಿಯರರ ಅಭಿಪ್ರಾಯವಿಲ್ಲದೆ ಕೈಹಾಕಬಾರದು, ಫಲಕದ ಮೇಲೆ ಏನೇ ಬರೆದಿರಲಿ.

ಹಣದ ಮಾತಿಗೆ ಬರೋಣ. ಚದರಡಿಗೆ ಇಷ್ಟೆಂದು, ಒಟ್ಟು ಖರ್ಚಿನ ಶೇಕಡಾ ಇಷ್ಟೆಂದು, ಅಥವಾ ಇಡೀ ಕೆಲಸಕ್ಕೆ ಒಂದೇ ಮೊತ್ತವೆಂದು ಶುಲ್ಕ ಪಡೆಯುವ ಕ್ರಮಗಳಿವೆ. ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಅಂಗಡಿಯವರ ಕಮಿಷನ್ನಿನದು. ಟೈಲ್ಸ್, ಪ್ಲೈವುಡ್, ದೀಪ ಎಲ್ಲದರ ಅಂಗಡಿಗಳಲ್ಲಿಯೂ ಗಿರಾಕಿಯನ್ನು ಕರೆತಂದ ವಿನ್ಯಾಸಕಿಗೆ ಒಂದು ಪಾಲನ್ನು ಸದ್ದಿಲ್ಲದೆ ಕೊಡುವ ರೂಢಿಯಿದೆ. ಆ ಪಾಲು ಬರುವುದು ಮನೆ ಕಟ್ಟುವವರ ಕಿಸೆಯಿಂದಲೇ. ಎಲ್ಸಿ ಡಿ ವುಲ್ಫ್ ಅವರು ಕೋಟ್ಯಧೀಶ ಹೆನ್ರಿ ಕ್ಲೇ ಫ್ರಿಕ್ ಅವರ ನ್ಯೂಯಾರ್ಕಿನ ಭವನದ ಖಾಸಗಿ ಕೋಣೆಗಳನ್ನು ಸಜ್ಜುಗೊಳಿಸಿದಾಗ, ಕೊಂಡ ವಸ್ತುಗಳ ಬೆಲೆಯ ಮೇಲೆ ಶೇಕಡಾ 10ರ ದಲ್ಲಾಳಿಯನ್ನು ಫ್ರಿಕ್ ಅವರೇ ಕೊಡುವುದೆಂದು ಒಪ್ಪಂದವಾಗಿತ್ತು. ಅವರು ಶ್ರೀಮಂತರಾದದ್ದು ಅದರಿಂದಲೇ. ಪಡೆಯಲಿ, ಆದರೆ ಕೊಡುವವರಿಗೆ ಗೊತ್ತಿರಲಿ. ಸಾಲಗಾರರಿಂದ ದೀಪಾವಳಿಯ ಉಡುಗೊರೆಯನ್ನೂ ಹಿಂದಿರುಗಿಸಿದ ಬ್ಯಾಂಕ್ ಅಧಿಕಾರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲವೆಂದು ಭಾವಿಸುತ್ತೇನೆ.

ಮತ್ತೊಂದು ತೊಂದರೆ ನಮ್ಮದೇ. ಮೊದಲ ಕೆಲಸಗಳು ಬರುವುದು ನೆಂಟರಿಷ್ಟರಿಂದ, ದುಬಾಯಿಯಲ್ಲಿದ್ದು ಊರಲ್ಲಿ ಮನೆ ಕಟ್ಟಿಸುವ ದಾಯಾದಿಗಳಿಂದ. "ನಮ್ಮ ಹುಡುಗಿಯೇ ಅಲ್ಲವೇ" ಎಂಬ ಪ್ರೀತಿಯಲ್ಲಿ ಶುಲ್ಕದ ಮಾತು ಮುಳುಗಿಹೋಗುತ್ತದೆ. ಕೆಲಸ ಮುಗಿದ ದಿನ ಒಂದು ಕೇಕು, ಒಂದು ಸೀರೆ. ನಾವು ದಂತವೈದ್ಯರಾದ ಅಳಿಯಂದಿರಿಗೂ ಹೀಗೆಯೇ ಮಾಡುತ್ತೇವೆ. ನೆಂಟರಿಗೂ ಲಿಖಿತ ಅಂದಾಜುಪಟ್ಟಿ, ಮುಂಗಡ, ಕಂತುಗಳ ದಿನಾಂಕ ಇರಬೇಕು. ಬೇಕಿದ್ದರೆ ಕೊನೆಯಲ್ಲಿ ರಿಯಾಯಿತಿ ಕೊಡಲಿ. ಇದನ್ನು ಮುಖ ನೋಡಿ ಹೇಳುವ ಧೈರ್ಯ ಬಾರದವರು ರಾಜೀನಾಮೆ ಪತ್ರ ಬರೆಯದಿರುವುದೇ ಲೇಸು.

ಎರಡು ವಾರಗಳ ಹಿಂದೆ ಮತ್ತೆ ಆ ಮನೆಗೆ ಹೋಗಿದ್ದೆ. ಇಷ್ಟನ್ನೂ ಹೇಳಿದೆ, ಜೊತೆಗೆ ಎರಡು ಮಾತು ಸೇರಿಸಿದೆ. ಒಂದು, ಬ್ಯಾಂಕಿನ ಸೇವಾನಿಯಮ ಅನುಮತಿಯಿಲ್ಲದ ಹೊರಗಿನ ದುಡಿಮೆಯನ್ನು ಒಪ್ಪುವುದಿಲ್ಲವಾದ್ದರಿಂದ, ಅಲ್ಲಿರುವಷ್ಟು ಕಾಲ ಕಲಿಯಬಹುದೇ ಹೊರತು ಶುಲ್ಕ ಪಡೆಯುವಂತಿಲ್ಲ. ಇನ್ನೊಂದು, ಒಂದು ವರ್ಷದ ಮನೆಖರ್ಚು ಮತ್ತು ಸಾಲದ ಕಂತುಗಳಷ್ಟು ಹಣ ಪ್ರತ್ಯೇಕವಾಗಿ ಕೂಡುವವರೆಗೆ ರಾಜೀನಾಮೆಯ ದಿನಾಂಕ ಗೊತ್ತುಮಾಡಬಾರದು. ಆ ಲೆಕ್ಕವನ್ನು ಗಂಡಹೆಂಡಿರು ಒಟ್ಟಿಗೆ ಕುಳಿತು ಮಾಡಬೇಕು, ತಂದೆಯ ಮುಂದೆ ಅಲ್ಲ. ಅಳಿಯ ಮೊದಲ ಸಲ ಬಾಯಿಬಿಟ್ಟರು. ಆ ಲೆಕ್ಕ ತನ್ನ ಬಳಿ ಆಗಲೇ ಇದೆ, ಹದಿನೆಂಟು ತಿಂಗಳು ಬೇಕು, ಯಾರೂ ಕೇಳಿರಲಿಲ್ಲ ಎಂದರು.

ಮಗಳು ಈಗಲೂ ಬ್ಯಾಂಕಿನಲ್ಲೇ ಇದ್ದಾಳೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳ ರಜೆಯಲ್ಲಿ ನಕ್ಷೆ ಬರೆಯಲು ಕಲಿಯುತ್ತಿದ್ದಾಳೆ. ಮೊದಲ ಅಭ್ಯಾಸವೆಂದು ತಾಯಿಯ ಅಡುಗೆಮನೆಯನ್ನೇ ಅಳೆದಿದ್ದಾಳೆ. ಕಟ್ಟೆಯ ಎತ್ತರ ಕೆಲಸ ಮಾಡುವವರ ಮೊಣಕೈಗಿಂತ ನಾಲ್ಕಾರು ಇಂಚು ಕೆಳಗಿರಬೇಕಂತೆ. ಈ ಕಟ್ಟೆ ತಾಯಿಗೆ ಎತ್ತರವಾಯಿತೆಂದು ಅಳತೆಯಿಂದ ಗೊತ್ತಾಯಿತು. ಮೂವತ್ತು ವರ್ಷಗಳಿಂದ ತೆಂಗಿನಕಾಯಿ ಅರೆಯುವಾಗ ಭುಜ ನೋಯುತ್ತಿದ್ದದ್ದು ವಾತದಿಂದಲ್ಲವೇ ಎಂದು ಅವರು ಕೇಳಿದರು. ಟೇಪಿನ ಇನ್ನೊಂದು ತುದಿಯನ್ನು ಹಿಡಿದಿದ್ದ ತಂದೆ, ಆ ಕಟ್ಟೆಯನ್ನು ಕಟ್ಟಿಸಿದವರು ತಾವೇ ಆದ್ದರಿಂದ, ಉತ್ತರ ಕೊಡಲಿಲ್ಲ.